ಗಾಡಿ ಯಾರದು

"ಇಳಿಯೋ ಕೆಳಕ್ಕೆ, ಬೋಳಿಮಗನೆ. ಕೆರೆ ಏನು ನಿಮ್ಮಪ್ಪನ ಆಸ್ತಿನಾ?"

ಎಸ್‌ಐ ಲಾಠಿಯಿಂದ ಜೆಸಿಬಿಯ ಬಾಗಿಲಿಗೆ ಬಡಿದ. ಬಕೆಟ್ ತುಂಬ ಎತ್ತಿದ್ದ ಕೆರೆಮಣ್ಣನ್ನು ಮೆಲ್ಲಗೆ ಇಳಿಸಿ ಎಂಜಿನ್ ಆರಿಸಿದೆ. ನೆಲಕ್ಕೆ ಕಾಲಿಟ್ಟ ಕೂಡಲೇ ಕೆನ್ನೆಗೆ ಬಿತ್ತು. ಮಣ್ಣು ತುಂಬಿಕೊಳ್ಳಲು ನಿಂತಿದ್ದ ಟಿಪ್ಪರಿನವನು ಅಷ್ಟರಲ್ಲಿ ಪೆರೇಸಂದ್ರದ ಕಡೆ ಕಂಬಿ ಕಿತ್ತಿದ್ದ.

"ಗಾಡಿ ಯಾರ್ದೋ?"

"ಚೆನ್ನರಾಯಪ್ಪಣ್ಣಂದು ಸಾರ್. ಅವ್ರ ಲೇಔಟಿಗೇ ಈ ಮಣ್ಣು. ನಾನು ಬರೀ ಆಪರೇಟ್ರು."

"ಕರಿ ಅವನ್ನ."

ಫೋನ್ ಮಾಡಿದೆ. "ಹೆದರ್ಕೋಬೇಡ ಕಣಪ್ಪ ಅಂಬರೀಶ, ನಾನಿಲ್ವಾ? ಅಲ್ಲೇ ಇರು, ಬರ್ತೀನಿ" ಅಂದರು. ಎದೆ ಹಗುರಾಯಿತು.

ಮೂರು ವರ್ಷದ ಹಿಂದೆ, ನಮ್ಮ ಜಾತಿಯವರಿಗೆ ಸರ್ಕಾರದ ಸಬ್ಸಿಡಿ ಇದೆಯೆಂದು ನನ್ನ ಜಾತಿ ಸರ್ಟಿಫಿಕೇಟು ಇಸಕೊಂಡು ನನ್ನ ಹೆಸರಿನಲ್ಲಿ ಬ್ಯಾಂಕ್ ಸಾಲ ಮಾಡಿಸಿ ಈ ಗಾಡಿ ತೆಗೆದವರು ಅವರೇ. "ನೀನು ನಮ್ಮನೆ ಮಗ ಇದ್ದಂಗೆ" ಅಂದಿದ್ದರು. ತೋರಿಸಿದ ಕಡೆಯೆಲ್ಲ ಸೈನು ಹಾಕಿದೆ. ಮನೆ ಮಗನಿಗೆ ಜಗಲಿಯ ಮೇಲೆ ಬೇರೆ ಲೋಟವಿತ್ತು, ದಿನಗೂಲಿಯಿತ್ತು. ನಮ್ಮಮ್ಮ ಲಕ್ಷ್ಮಿದೇವಮ್ಮ ಮಾತ್ರ "ನನ್ ಮಗಂದೇ ಗಾಡಿ" ಎಂದು ಕಾಲೋನಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಅದು ಕಿವಿಗೆ ಬಿದ್ದ ದಿನ ಚೆನ್ನರಾಯಪ್ಪನವರು ಅವಳನ್ನು ನಡುಬೀದಿಯಲ್ಲಿ ನಿಲ್ಲಿಸಿ, "ಹೆಸರಷ್ಟೇ ಅವಂದು, ಗಾಡಿ ನಂದು. ಬಾಯಿ ಮುಚ್ಕೊಂಡಿರು" ಎಂದು ಉಗಿದಿದ್ದರು. ನಾನು ನಮ್ಮಮ್ಮನನ್ನೇ ಬೈದಿದ್ದೆ. ಅಷ್ಟು ನಂಬಿಕೆ ನನಗೆ.

ಬುಲೆಟ್‌ನಿಂದ ಇಳಿದ ಚೆನ್ನರಾಯಪ್ಪನವರು ನನ್ನ ಕಡೆ ನೋಡಲಿಲ್ಲ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕವರಿತ್ತು.

"ನಂಗೂ ಈ ಗಾಡಿಗೂ ಸಂಬಂಧ ಇಲ್ಲ ಸಾರ್. ಆರ್‌ಸಿಲಿ ಇವನ ಹೆಸರೇ ಐತೆ, ನೋಡಿ. ಭದ್ರವಾಗಿರ್ಲಿ ಅಂತ ನಮ್ಮನೇಲಿ ಮಡಗಿದ್ದ. ಈ ನನ್ಮಗ ಕೆರೆಗೆ ಇಳೀತಾನೆ ಅಂತ ನಂಗೇನು ಗೊತ್ತು?"

ಫೋನಿನಲ್ಲಿ ನಾನಿಲ್ವಾ ಅಂದವರು ಇದನ್ನು ತರಲು ಆಗಲೇ ಬೀರು ತೆಗೆದಿದ್ದರು. ಮೂರು ವರ್ಷ ನನ್ನ ಕಣ್ಣಿಗೆ ಬೀಳದ ಆರ್‌ಸಿ ಅದು. ಪೊಲೀಸಿನವನ ಏಟಿಗೆ ಬರದ ಅಳು ಈಗ ಬಂತು.

ಎಸ್‌ಐ ಜೀಪಿನ ಬಾನೆಟ್ ಮೇಲೆ ಮಹಜರು ಬರೆದ. "ಮಾಲೀಕನ ಮೇಲೆ ಕೇಸು. ಗಾಡಿ ಸ್ಟೇಷನ್ನಿಗೆ ತಂದು ನಿಲ್ಸು. ಕೋರ್ಟಲ್ಲಿ ದಂಡ ಕಟ್ಟಿ ಮಾಲೀಕನೇ ಬಿಡಿಸ್ಕೋಬೇಕು."

ಚೆನ್ನರಾಯಪ್ಪನವರು ಸಾಕ್ಷಿಯಾಗಿ ಸರಸರನೆ ಸೈನು ಹಾಕಿದರು. ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಎರಡು ದಿನ ಒಳಗಿರಪ್ಪ. ಆಮೇಲೆ ನಿನ್ ಸೈನು ಹಾಕಿಸಿ ಗಾಡಿ ಬಿಡಿಸ್ಕೊಳ್ಳಣ."

"ಸಾರ್," ಎಂದೆ ಎಸ್‌ಐಗೆ, "ಅವ್ರು ಹೇಳಿದ್ದೇ ನಿಜ. ಗಾಡಿ ನಂದೇ." ಸೈನು ಹಾಕಿದೆ. ಆಮೇಲೆ ಚೆನ್ನರಾಯಪ್ಪನ ಕಡೆ ತಿರುಗಿದೆ. "ನಾನು ಬಿಡಿಸ್ಕೊಳ್ಳಲ್ಲ. ಸ್ಟೇಷನ್ ಹಿಂದೆ ತುಕ್ಕು ಹಿಡೀಲಿ."

ಬ್ಯಾಂಕಿನವರು ನನ್ನ ಮನೆಗೇ ಬರುತ್ತಾರೆ, ಅದೂ ಗೊತ್ತಿತ್ತು. ಬರಲಿ.

"ಲೇಯ್, ನಲವತ್ತು ಲಕ್ಷದ ಗಾಡಿ ಕಣೋ." ಅವನ ಮುಖ ಬಿಳುಚಿಕೊಂಡಿತ್ತು.

"ನಿಮಗ್ಯಾಕ್ರೀ ಅದು?" ಎಂದ ಎಸ್‌ಐ, ಮಹಜರು ಮಡಚುತ್ತ.

ನಾನು ಜೆಸಿಬಿ ಹತ್ತಿ ಕೂತೆ. ಚೆನ್ನರಾಯಪ್ಪ ಓಡಿಬಂದು ಮೆಟ್ಟಿಲ ಕಂಬಿ ಹಿಡಿದುಕೊಂಡ. "ಇಳಿಯಪ್ಪಾ ಅಂಬರೀಶ, ಮಾತಾಡಣ."

"ನನ್ ಗಾಡಿ ಮೇಲಿಂದ ಕೈ ತೆಗಿ," ಎಂದು ಎಂಜಿನ್ ಚಾಲೂ ಮಾಡಿದೆ.