ಸಹಿ ಇಲ್ಲದ ಹತ್ತು ವಿಮರ್ಶೆಗಳು

ಪತ್ರಿಕೆ ಮುಚ್ಚುತ್ತಿದೆ ಎಂದು ಗೊತ್ತಾದ ದಿನ ಉಪಸಂಪಾದಕಿಗೆ ದುಃಖವಾಗಿತ್ತು. ಕೊನೆಯ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಆ ದುಃಖವೆಲ್ಲ ಆರಿಹೋಗಿ ಬರೀ ಸಿಟ್ಟು ಉಳಿದಿತ್ತು. ಅದಕ್ಕೆ ಕಾರಣ ಸಂಪಾದಕರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಪೆನ್ಸಿಲಪ್ಪ ಎನ್ನುತ್ತಿದ್ದರು. ಔಷಧದ ಡಬ್ಬಿಯೊಳಗಿನ ಚೀಟಿ ಸಿಕ್ಕರೂ ಅದರ ವಾಕ್ಯ ತಿದ್ದಿಯೇ ಗುಳಿಗೆ ನುಂಗುವ ಆಸಾಮಿ.

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ನಡೆದ ಸಂಗೀತ ಪತ್ರಿಕೆ ಅದು. ಯಾವ ಕಂಪನಿಯ ಹಂಗೂ ಇರಲಿಲ್ಲ, ಜಾಹೀರಾತಿನ ಆಸೆಗೆ ಯಾರ ಹಾಡನ್ನೂ ಹೊಗಳಿದ್ದಿಲ್ಲ. ಬರವಣಿಗೆಗೆ ಮಾತ್ರ ಪೆನ್ಸಿಲಪ್ಪನ ಕಟ್ಟಳೆ. ‘ಸುಮಧುರ’, ‘ಮಂತ್ರಮುಗ್ಧ’ ಇತ್ಯಾದಿಗಳು ಹೊಸ್ತಿಲು ದಾಟುವಂತಿಲ್ಲ. ‘ನಾನು’ ಬರಲೇಕೂಡದು. ಅನಿಸಿದ್ದನ್ನು ಬಿಟ್ಟು ಕೇಳಿಸಿದ್ದನ್ನು ಬರೆಯಬೇಕು: ಯಾವ ಸಾಲಿನಲ್ಲಿ ದನಿ ಒಡೆಯಿತು, ಪಿಟೀಲಿನವನು ಎಲ್ಲಿ ಕೆಮ್ಮಿದ. ಕೊನೆಗೆ, ಬರೆದವರ ಹೆಸರು ಹಾಕುವಂತಿಲ್ಲ. ಇಡೀ ಪತ್ರಿಕೆ ಒಂದೇ ಬಾಯಿಂದ ಮಾತಾಡಬೇಕಂತೆ. ಹತ್ತೊಂಬತ್ತು ವರ್ಷ ಹಾಗೆ ಬರೆದು ಬರೆದು ಅವಳಿಗೆ ಆ ಚಾಳಿ ಎಷ್ಟು ಅಂಟಿತ್ತೆಂದರೆ, ತಂಗಿಯ ಮನೆಯಲ್ಲಿ ಉಂಡೆದ್ದು “ಎರಡನೇ ತುತ್ತಿನಲ್ಲಿ ಉಪ್ಪು ಕಾಣಿಸಿಕೊಂಡಿತು” ಎಂದು ಬೈಸಿಕೊಂಡಿದ್ದಳು.

ಈಗ ಆ ಕಟ್ಟಳೆಯೇ ಕುತ್ತಿಗೆಗೆ ಬಂದಿತ್ತು. ರೇಡಿಯೊ ಕೇಂದ್ರವೊಂದರಲ್ಲಿ ಕೆಲಸ ಖಾಲಿ ಇತ್ತು. ನೀವೇ ಬರೆದ ಹತ್ತು ವಿಮರ್ಶೆ ಕೊಡಿ, ನೋಡೋಣ ಎಂದಿದ್ದರು ಅವರು. ಅವಳು ಬರೆದಿದ್ದು ಮುನ್ನೂರಕ್ಕೂ ಹೆಚ್ಚು. ತನ್ನದೆಂದು ತೋರಿಸಲು ಒಂದರಲ್ಲೂ ಹೆಸರಿಲ್ಲ. ಹತ್ತನ್ನು ಆರಿಸಿ, ‘ಇವು ಇವರೇ ಬರೆದವು’ ಎಂದು ಒಂದು ಸಾಲು ಬರೆದುಕೊಡಿ ಅಂತ ಬೆಳಿಗ್ಗೆಯೇ ಸಂಪಾದಕರ ಮುಂದಿಟ್ಟಿದ್ದಳು.

ಮಧ್ಯಾಹ್ನ ತಂಗಿಯ ಫೋನು ಬಂತು. “ಆಯ್ತೇನೇ ಅಕ್ಕ? ಅರ್ಜಿಗೆ ಇವತ್ತೇ ಕೊನೇ ದಿನ. ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು ಬೇಕು ಅವರಿಗೆ?”

“ಬರೀತಾ ಇದಾರೆ ಕಣೇ.”

ಎಲ್ಲಿ ಬರೆಯುವುದು? ಅಚ್ಚಾದ ಪುಟಗಳ ಮೇಲೆ ಪೆನ್ಸಿಲ್ ಆಡಿಸುತ್ತ ಕೂತಿದ್ದರು.

“ಸರ್, ಅದು ಹನ್ನೊಂದು ವರ್ಷದ ಹಿಂದೆ ಅಚ್ಚಾಗಿದ್ದು.”

“ಹಾಗಂತ ತಪ್ಪು ಬಿಡಕ್ಕಾಗತ್ತೇನಮ್ಮ? ‘ತುಂಬ ನಿಧಾನ’ ಅಂತಿದೆ. ‘ತುಂಬ’ ಯಾಕೆ ಬೇಕು?”

ಅವಳಿಗೆ ತಲೆ ಚಿಟ್ಟು ಹಿಡಿಯಿತು. ಹಲ್ಲು ಕಚ್ಚಿ ಕೂತಳು. ಏಳನೆಯದಕ್ಕೆ ಬಂದಾಗ ಅವರು ಪುಟವನ್ನು ಎತ್ತಿ ಪಕ್ಕಕ್ಕಿಟ್ಟರು.

“ಇದು ನಂದು.”

ಅವಳ ಮೈಯೆಲ್ಲ ಉರಿದುಹೋಯಿತು. ಮುದುಕಿಯೊಬ್ಬಳ ಜೋಗುಳದ ಧ್ವನಿಮುದ್ರಣದ ಬಗ್ಗೆ ಬರೆದದ್ದು ಅದು. ‘ಹಾಡುವಾಕೆ ಉಸಿರೆಳೆದುಕೊಳ್ಳುವಲ್ಲಿ ತೊಟ್ಟಿಲೂ ಒಂದು ಕ್ಷಣ ನಿಲ್ಲುತ್ತದೆ’ ಎಂಬ ವಾಕ್ಯಕ್ಕೆ ಓದುಗರು ತಿಂಗಳುಗಟ್ಟಲೆ ಕಾಗದ ಬರೆದಿದ್ದರು. ಬೇಸರವಾದಾಗಲೆಲ್ಲ ಅವಳು ಆ ವಾಕ್ಯವನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

“ಸರ್, ಆಗ ನನ್ನ ಮಗಳಿಗೆ ಜ್ವರ. ಕಾಲಲ್ಲಿ ತೊಟ್ಟಿಲು ತೂಗ್ತಾ ತೂಗ್ತಾ ಬರೆದಿದ್ದು ಅದು. ಇದನ್ನೂ ನಿಮ್ಮದು ಅಂತೀರಾ?”

“ಬರೆದವನಿಗೆ ಗೊತ್ತಿರಲ್ವಾ?”

“ಅದನ್ನೇ ನಾನೂ ಹೇಳ್ತಿರೋದು!”

ಪೆನ್ಸಿಲಪ್ಪ ಒಂದೇ ಒಂದು ಹಸ್ತಪ್ರತಿಯನ್ನೂ ಎಸೆದವರಲ್ಲ. ರದ್ದಿಯವನು ಬಂದು ಒಯ್ಯಲೆಂದು ಎಲ್ಲ ಕಟ್ಟುಗಳನ್ನೂ ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತಳು. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಕೈಬರಹ ಅವಳದೇ. “ನೋಡಿ!” ಎಂದು ಅವರ ಮುಂದೆ ಹಿಡಿದಳು.

ಹಿಡಿದವಳೇ ತಾನೂ ನೋಡಿದಳು. ಶೀರ್ಷಿಕೆ, ಮೊದಲ ಪ್ಯಾರಾ, ಕೊನೆಯದು ಎಲ್ಲ ಅವಳದೇ. ನಡುವೆ ಒಂದು ವಾಕ್ಯದ ಮೇಲೆ ಪೆನ್ಸಿಲಿನ ದಪ್ಪ ಗೀಟು. ಪಕ್ಕದ ಅಂಚಿನಲ್ಲಿ ಪೆನ್ಸಿಲಪ್ಪನ ಇರುವೆಸಾಲಿನಂಥ ಅಕ್ಷರಗಳಲ್ಲಿ ಆ ತೊಟ್ಟಿಲ ವಾಕ್ಯ. ಗೀಟಿನ ಕೆಳಗೆ ಅವಳು ಬರೆದದ್ದು ಇನ್ನೂ ಓದುವಂತಿತ್ತು: ‘ಇಲ್ಲಿಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ, ಯಾಕೆಂದು ಗೊತ್ತಿಲ್ಲ.’

ಅಷ್ಟು ವರ್ಷ ತನ್ನದೆಂದು ಮುದ್ದು ಮಾಡಿದ ವಾಕ್ಯ ತನ್ನದಲ್ಲ. ತಾನು ಅತ್ತದ್ದು ಮಾತ್ರ ತನ್ನದು, ಅದನ್ನೂ ಮರೆತೇಬಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು, ಹಿಂದೆಯೇ ಕೆಟ್ಟ ಸಂಕಟವೂ ಆಯಿತು.

ಸಂಪಾದಕರೂ ಕನ್ನಡಕ ಏರಿಸಿ ಓದಿದರು. ಗೆದ್ದವರ ಕಳೆ ಅವರ ಮುಖದಲ್ಲಿ ಇರಲಿಲ್ಲ. “ಉಳಿದದ್ದೆಲ್ಲ ನಿಂದೇ ಅಲ್ವಾ,” ಎಂದು ಗೊಣಗಿದರು. ಒಂದು ಹಾಳೆ ಎಳೆದುಕೊಂಡು, ಮೊದಲ ಸಲ ಏನನ್ನೂ ಹೊಡೆದುಹಾಕದೆ, ಹತ್ತೂ ಇವರವೇ ಎಂದು ಬರೆದು ಸಹಿ ಹಾಕಿದರು.

ಅವಳು ಆ ಹಾಳೆಯನ್ನು ಲಕೋಟೆಗೆ ಸೇರಿಸಿದಳು. ಒಂಬತ್ತು ಅಚ್ಚಾದ ಪುಟಗಳನ್ನೂ ಸೇರಿಸಿದಳು. ಹತ್ತನೆಯದಾಗಿ ಜೋಗುಳದ ಅಚ್ಚಾದ ಪುಟ ಬಿಟ್ಟು, ಗೀಟು ಬಿದ್ದ ಹಸ್ತಪ್ರತಿಯನ್ನೇ ಎತ್ತಿಕೊಂಡಳು.

ಅವರು ಗಾಬರಿಯಾದರು. “ಅಯ್ಯೋ, ಅದ್ಯಾಕಮ್ಮ? ಅದು ತೀರಾ ಪೇಲವ ವಾಕ್ಯ. ನಿನ್ನ ಕೆಲಸಕ್ಕೇ ಸಂಚಕಾರ ಬರತ್ತೆ.”

“ಪೇಲವಾನೇ ಸರ್,” ಎಂದಳು ಅವಳು, ಲಕೋಟೆಯ ಅಂಚಿಗೆ ಗೋಂದು ಸವರುತ್ತ. “ಆದ್ರೆ ನಂದು.”