ಮೊಯಿನುದ್ದೀನನ ಬೀಗವಿಲ್ಲದ ಸೈಕಲ್ಲು

೧
ಮಮ್ಝರ್ ಕಡಲ ದಂಡೆಯ ಬೆಂಚಿನ ಮೇಲೆ ನಾನೊಮ್ಮೆ ಒಂದು ಕಿಲೋ ಬಂಗಾರ ಮರೆತು ಬಂದೆ. ಮೂರು ದಿನ ಬಿಟ್ಟು ಹೋಗಿ ನೋಡಿದರೆ ಒಂದೂಕಾಲು ಕಿಲೋ ಆಗಿತ್ತು. ನಮ್ಮ ಬಡಾವಣೆಯ ಸುರಕ್ಷತೆ ಅಂಥದ್ದು. ಕಳ್ಳರು ಬಂದರೆ ನಾಚಿಕೊಂಡು ತಮ್ಮ ಪರ್ಸನ್ನೇ ಇಟ್ಟು ಹೋಗುತ್ತಾರೆ.

(ನಂಬಲಿಲ್ಲವೆ? ಕಥೆ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ದುಬೈಯಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ನಿಮಗೋಸ್ಕರ ಇನ್ನೊಂದು ಟ್ರೈ.)

೧, ಮತ್ತೊಮ್ಮೆ
ಸಮುದ್ರಕ್ಕೆ ಮುಖ ಮಾಡಿದ ಐದು ಮಹಡಿಯ ಕಟ್ಟಡದಲ್ಲಿ ರಾಣೆಬೆನ್ನೂರಿನ ಇಂಜಿನಿಯರ್ ಶೇಖಪ್ಪ ವಾಸವಾಗಿದ್ದ. ಅವನ ಫ್ಲ್ಯಾಟಿನ ಬಾಗಿಲಿಗೆ ಒಳಗಿನಿಂದ ಮೂರು ಚಿಲಕ. ಎದುರು ಮನೆಯ ಭಟ್ಕಳದ ವ್ಯಾಪಾರಿ ಮೊಯಿನುದ್ದೀನನ ಬಾಗಿಲೋ, ಸದಾ ಅರ್ಧ ತೆರೆದೇ ಇರುತ್ತಿತ್ತು. ಅವನ ಮಡಚುವ ಸೈಕಲ್ಲು ಕೆಳಗೆ ಲಿಫ್ಟಿನ ಪಕ್ಕ ಎರಡು ವರ್ಷದಿಂದ ಬೀಗವಿಲ್ಲದೆ ನಿಂತಿತ್ತು. ಸಮುದ್ರದ ಉಪ್ಪುಗಾಳಿ ಬಿಟ್ಟರೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಒಂದು ಬೀಗಾನರ ಹಾಕ್ರಲ್ಲ ಸಾಹೇಬ್ರ," ಎಂದ ಶೇಖಪ್ಪ ಒಂದು ದಿನ.

"ಬೀಗ ಎಂಥಕ್ಕೆ ಶೇಖಪ್ಪಣ್ಣ? ಇಲ್ಲಿ ಕದಿಯುವವರು ಯಾರುಂಟು? ಯಲ್ಲಾ, ಬನ್ನಿ, ಚಾ ಕುಡಿಯುವ."

ಇಷ್ಟಾದರೆ ಶೇಖಪ್ಪ ತಡೆದುಕೊಳ್ಳುತ್ತಿದ್ದ. ಆದರೆ ಊಟಕ್ಕೆ ಕೂತಾಗ ಹೆಂಡತಿ ಪಾರ್ವತೆವ್ವ ರೊಟ್ಟಿ ಹಾಕುತ್ತ, "ಆ ಮನಷ್ಯಾ ನೋಡ್ರಿ, ಹೆಂಗ ನಿಶ್ಚಿಂತಿ ಅದಾನ. ನೀವೂ ಅದೀರಿ, ಬಾಗ್ಲಾ ಕಾಯ್ಕೋತ," ಎಂದಳು. ಶೇಖಪ್ಪ ರೊಟ್ಟಿ ಬಿಟ್ಟು ಎದ್ದ.

ಶೇಖಪ್ಪನ ಹೊಟ್ಟೆ ಉರಿದದ್ದು ಸೈಕಲ್ಲಿಗಲ್ಲ. ಅಂಥ ನಾಲ್ಕು ಸೈಕಲ್ಲು ಅವನು ಕೊಳ್ಳಬಲ್ಲ. ಬೀಗ ಹಾಕದೆ, ಒಮ್ಮೆಯೂ ಹಿಂತಿರುಗಿ ನೋಡದೆ, ಸಿಳ್ಳೆ ಹಾಕುತ್ತ ಹೋಗುವ ಆ ನಡಿಗೆಯನ್ನು ಎಲ್ಲಿ ಕೊಳ್ಳುವುದು? (ಆ ಉರಿಯ ಮುಂದೆ ಆಗಸ್ಟ್ ತಿಂಗಳ ಅಬುಧಾಬಿ ಹೆದ್ದಾರಿ ಊಟಿ ಇದ್ದಂತೆ.)

೨
ಒಂದು ಸೋಮವಾರ ಮಧ್ಯಾಹ್ನ ಸೈಕಲ್ಲು ಕಾಣೆಯಾಯಿತು.

ಕಟ್ಟಡದ ಕ್ರೈಮ್ ರೇಟ್ ಸೊನ್ನೆಯಿಂದ ಒಂದಕ್ಕೆ ಏರಿತು. ಎಷ್ಟು ಪರ್ಸೆಂಟ್ ಏರಿಕೆ ಎಂದು ಲೆಕ್ಕ ಹಾಕಿ ನೋಡಿ, ಕ್ಯಾಲ್ಕುಲೇಟರ್ ಕೂಡ ಕೈ ಎತ್ತುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬರೆದರು, ಮೊಯಿನುದ್ದೀನ್ ಒಬ್ಬನನ್ನು ಬಿಟ್ಟು. ಕಟ್ಟಡದ ಆಫೀಸಿನವರು ಕಾವಲುಗಾರ ಪ್ರಿಯನ್‌ನನ್ನು ಕರೆದು, ಗುರುವಾರ ನಾಲ್ಕು ಗಂಟೆಯೊಳಗೆ ಸೈಕಲ್ಲು ಸಿಗದಿದ್ದರೆ ಖಲಾಸ್, ಕೆಲಸವೂ ಇಲ್ಲ, ವೀಸಾವೂ ಇಲ್ಲ ಎಂದರು.

(ಹಿಂದೆ ಏನೋ ಟಿಣ್ ಎಂದಿತು. ನಾನು ಬರೆಯುವುದು ಕಟ್ಟಡದ ಬೇಸ್‌ಮೆಂಟಿನಲ್ಲಿ, ನನ್ನ ಕಾರಿನೊಳಗೆ ಕೂತು. ಬರೆದಷ್ಟನ್ನೂ ಆಗಿಂದಾಗ್ಗೆ ಮೇಲಿರುವ ಹೆಂಡತಿಯ ಫೋನಿಗೆ ಕಳಿಸುತ್ತೇನೆ; ಅವಳೇ ನನ್ನ ಮೊದಲ ಓದುಗಾರ್ತಿ. ಸದ್ದಿನ ಕಡೆ ಗಮನ ಕೊಡಬೇಡಿ.)

ಸೈಕಲ್ಲು ಹೋದ ಹೊತ್ತಿನಲ್ಲಿ ಪ್ರಿಯನ್ ತನ್ನ ಕುರ್ಚಿಯಲ್ಲಿ ಇರಲಿಲ್ಲ. ಶೇಖಪ್ಪನೇ ಹೇಳಿದ್ದರಿಂದ ಅವನ ಮನೆಗೆ ಕುಡಿಯುವ ನೀರಿನ ದೊಡ್ಡ ಬಾಟಲಿ ಹೊತ್ತುಕೊಂಡು ಹೋಗಿದ್ದ. ಕುರ್ಚಿ ಬಿಟ್ಟು ಹೋಗಬಾರದೆಂಬ ರೂಲು ಇದ್ದದ್ದರಿಂದ ಆಫೀಸಿನಲ್ಲಿ ಬಾಯಿಬಿಟ್ಟಿರಲಿಲ್ಲ.

"ಸಾರ್, ನಿಮ್ಮ ನೀರಿನ ವಿಷಯ ಅವರಿಗೆ ಹೇಳಲಾ?" ಎಂದು ಬುಧವಾರ ಕೇಳಿದ.

"ಬ್ಯಾಡಪ್ಪ. ನಿನಗ ಇನ್ನೂ ತ್ರಾಸ ಆಕ್ಕತಿ," ಎಂದ ಶೇಖಪ್ಪ.

೩ (ಮುಕ್ತಾಯ, ಮೊದಲ ಕರಡು)
ಏಳು ದೇಶಗಳ ಕಳ್ಳರ ತಂಡವೊಂದು ಸಬ್‌ಮರೀನಿನಲ್ಲಿ ಬಂದು ಸೈಕಲ್ಲು ಒಯ್ದಿತ್ತು. ಶೇಖಪ್ಪ ಧುಮುಕಿ ಹಲ್ಲಲ್ಲಿ ಕಚ್ಚಿ ಎಳೆದು ತಂದ. ಪ್ರಿಯನ್ ಬಚಾವ್.

(ಅದ್ಭುತ. ಆದರೆ ಶೇಖಪ್ಪನಿಗೆ ಈಜು ಬರುವುದಿಲ್ಲ.)

೩ (ಎರಡನೆಯ ಕರಡು)
ಕೆಲಸ ಹೋದ ಪ್ರಿಯನ್ ಕಾಸರಗೋಡಿಗೆ ಮರಳಿ ಬೇಕರಿ ಇಟ್ಟು ನಮಗಿಂತ ಹತ್ತು ಪಟ್ಟು ಸುಖವಾಗಿದ್ದಾನೆ.

"ಮಂದಿ ಕೆಲಸಾ ಕಳದು ಸುಖಾಂತ ಮಾಡ್ತೀರೇನು?" ಎಂದು ಶೇಖಪ್ಪ ಸಾಲಿನ ನಡುವಿನಿಂದ ತಲೆ ಎತ್ತಿದ. "ಬರಿಯೋವ್ರು ನೀವು, ಕಳ್ಳ ನಾನೇನ್ರಿ?"

ನೀನು ಕಳ್ಳ ಎಂದು ನಾನೆಲ್ಲಿ ಬರೆದೆ?

"ಹಂಗಾರ ಆ ನೀರಿನ ಬಾಟ್ಲಿ ಯಾಕ ತಂದ್ರಿ ನಡುವ?"

ಪಾತ್ರಗಳಿಗೆ ಸಲುಗೆ ಕೊಡಬಾರದು.

೩ (ಮೂರನೆಯ ಕರಡು)
ಗುರುವಾರ ಸೈಕಲ್ಲು ತಾನಾಗಿಯೇ ಲಿಫ್ಟಿನ ಪಕ್ಕ ಬಂದು ನಿಂತಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಸೀಟಿನ ತಳಭಾಗದಲ್ಲಿ ಮೊಯಿನುದ್ದೀನನ ಮಗಳು ನುಹಾ ಗುಲಾಬಿ ನೇಲ್ ಪಾಲಿಶಿನಲ್ಲಿ ಬರೆದಿದ್ದ ತನ್ನ ಪುಟ್ಟ ಹೆಸರು ಕೂಡ ಹಾಗೆಯೇ ಇತ್ತು.

(ಸೊಗಸಾಗಿದೆ. ಇದನ್ನೇ ಇಟ್ಟುಕೊಳ್ಳೋಣ. ಕಳಿಸಿದೆ.)

೪
ಕಾರಿನ ಗಾಜಿನ ಮೇಲೆ ಟಕಟಕ. ಪಾರ್ವತೆವ್ವ ಫೋನು ಹಿಡಿದು ನಿಂತಿದ್ದಳು.

(ಕಥೆಯೊಳಗಿನ ಪಾತ್ರ ಬೇಸ್‌ಮೆಂಟಿಗೆ ಇಳಿದು ಬರುವುದು ಪ್ರಯೋಗಶೀಲತೆ ಎಂದು ಹೇಳಬೇಕೆಂದಿದ್ದೆ.)

"ಬಂಗಾರ ಒಂದೂಕಾಲು ಕಿಲೋ ಆತು, ಓದಿದೆ. ಸಬ್‌ಮರೀನ್ ಬಂತು, ಅದನ್ನೂ ಓದಿದೆ. ಸೀಟಿನ ತಳಗ ನುಹಾನ ಹೆಸರು ಐತಿ ಅಂತ ನಿಮಗ್ಯಾರು ಹೇಳಿದ್ರು? ಆ ಕೂಸು ಅತ್ಕೋತ ನನಗಷ್ಟ ಹೇಳೇತಿ. ಅವರಪ್ಪಗೂ ಗೊತ್ತಿಲ್ಲ."

"ಅದು... ಕಲ್ಪನಾ."

"ನಿಮ್ಮ ಕಲ್ಪನಾ ಇಷ್ಟು ಸಣ್ಣದು ಇರಂಗಿಲ್ಲ. ಡಿಕ್ಕಿ ತಗೀರಿ."

ತೆಗೆದೆ. ಟಿಣ್.

೫
ಶೇಖಪ್ಪ ನಾನೇ. ಪ್ರಿಯನ್‌ನನ್ನು ಮೇಲೆ ಕಳಿಸಿದ್ದೂ ನಾನೇ. ಮೊಯಿನುದ್ದೀನ್ ಒಂದೇ ಒಂದು ದಿನ ನನ್ನ ಹಾಗೆ ಹಿಂತಿರುಗಿ ನೋಡಲಿ ಎಂದಷ್ಟೇ ಇತ್ತು. ಸೋಮವಾರವೇ ಸೈಕಲ್ಲನ್ನು ಡಿಕ್ಕಿಯಿಂದ ತೆಗೆದು ವಾಪಸ್ ಇಡಬೇಕೆಂದಿದ್ದೆ. ಅಷ್ಟರಲ್ಲಿ ಗ್ರೂಪಿನಲ್ಲಿ ಗದ್ದಲ ಎದ್ದಿತು. ಬಂಗಾರ ಸುಳ್ಳು. ಆ ಬೆಂಚಿನ ಮೇಲೆ ನಾನು ಮರೆತದ್ದು ಒಂದು ಟವೆಲ್ಲು, ಅದಕ್ಕೂ ಅರ್ಧ ದಾರಿಯಿಂದ ವಾಪಸ್ ಓಡಿದ್ದೆ.

"ಮೊದ್ಲು ಅವರ ಮನಿ, ಆಮ್ಯಾಲೆ ಆಫೀಸು," ಎಂದಳು ಪಾರ್ವತೆವ್ವ. "ಬರದು ಕಳಸೋದಲ್ಲ. ಬಾಯಿಲೆ ಹೇಳ್ರಿ."

ಲಿಫ್ಟಿನ ಬಳಿ ಪ್ರಿಯನ್ ಎದ್ದು ನಿಂತ. ಸೈಕಲ್ಲು ನೋಡಿದ, ನನ್ನನ್ನು ನೋಡಿದ. ಲಿಫ್ಟಿನ ಬಾಗಿಲು ಹಿಡಿದುಕೊಂಡ.

ಅವನ ಕೆಲಸ ಉಳಿಯಿತೇ ಎಂದು ಕೇಳಬೇಡಿ. ಇವತ್ತು ಗುರುವಾರ, ನಾಲ್ಕಕ್ಕೆ ಇನ್ನೂ ಹದಿನೆಂಟು ನಿಮಿಷ ಇದೆ. ನಾನು ಮೊಯಿನುದ್ದೀನನ ಮನೆಯ ಮುಂದೆ ನಿಂತಿದ್ದೇನೆ. ಎರಡು ವರ್ಷದಲ್ಲಿ ಮೊದಲ ಸಲ ಈ ಬಾಗಿಲು ಮುಚ್ಚಿದೆ. ಹೊಸ್ತಿಲ ಬಳಿ ಯಾರೋ ಗುಡಿಸಲು ಮರೆತ ಮರದ ಪುಡಿ, ಡ್ರಿಲ್ಲಿಂಗ್ ಮೆಷಿನ್ನಿನದು.

ಬೆಲ್ ಒತ್ತಿದೆ. ಒಳಗೆ ಒಂದು ಚಿಲಕ ಸರಿದ ಸದ್ದು. ಆಮೇಲೆ ಇನ್ನೊಂದು. ಬಾಗಿಲು ತೆರೆದಿಲ್ಲ. ಮೂರನೆಯದು ಇರದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.