ಬೀಡಿ ದಮ್ಮಿನ ಪಾಠ

ಉಬ್ಬಸದವರಿಗೆ ಇನ್‌ಹೇಲರ್ ಪಂಪು ಎಳೆಯುವುದನ್ನು ಕಲಿಸುವುದರಲ್ಲಿ ನರ್ಸ್ ವಿಜಯಶ್ರೀಯನ್ನು ಮೀರಿಸುವವರು ಮಾನ್ವಿ ತಾಲ್ಲೂಕಿನಲ್ಲೇ ಇಲ್ಲವೆಂದು ಜನ ಹೇಳುತ್ತಿದ್ದರು. ಅವಳೂ ಅದನ್ನು ನಂಬಿ ಉಬ್ಬಿದ್ದಳು. ಏಳು ವರ್ಷ ಅವಳದು ಒಂದೇ ಪಾಠ: "ಬೀಡಿ ದಮ್ಮು ಎಳದಂಗ ಜೋರಾಗಿ ಎಳೀರಿ." ಬೀಡಿ ಮುಟ್ಟದ ಹೆಂಗಸರಿಗೂ ತಟ್ಟನೆ ತಿಳಿಯುತ್ತಿತ್ತು. ಇದಕ್ಕಾಗಿ ಅವಳಿಗೆ ಶಾಲು, ಹಾರ, ಫೋಟೊ ಎಲ್ಲ ಆಗಿತ್ತು.

ಈಗ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ, ಎಳೆದ ಔಷಧ ಒಳಗೆ ಎಲ್ಲಿ ಹೋಗಿ ಕೂರುತ್ತದೆಂದು ನೋಡುವ ಸಂಶೋಧನೆ ನಡೆದಿತ್ತು. ಔಷಧಕ್ಕೆ ಚೂರು ವಿಕಿರಣ ವಸ್ತು ಬೆರೆಸಿ ಎಳೆಸುತ್ತಾರೆ. ಆಮೇಲೆ ದೊಡ್ಡ ಕ್ಯಾಮೆರಾದ ಮುಂದೆ ನಿಂತರೆ ಔಷಧ ಬಿದ್ದ ಜಾಗ ಪರದೆಯ ಮೇಲೆ ಹೊಳೆಯುತ್ತದೆ. ದೇವದುರ್ಗದಿಂದ ಹತ್ತು ಜನ ಬಂದಿದ್ದರು. ಮಾನ್ವಿಯ ಹತ್ತು ಜನರನ್ನು ವಿಜಯಶ್ರೀಯೇ ಹುಮ್ಮಸ್ಸಿನಿಂದ ಕರೆತಂದಿದ್ದಳು.

ಡಾಕ್ಟರ್ ಪ್ರಿಯದರ್ಶಿನಿ ಅವಳಿಗೆ ಚಿತ್ರಗಳನ್ನು ತೋರಿಸಿದರು. ದೇವದುರ್ಗದವರ ಎರಡೂ ಶ್ವಾಸಕೋಶಗಳು ಬೆಳಗಿದ್ದವು. ಮಾನ್ವಿಯವರದು ಬರೀ ಗಂಟಲು, ಹೊಟ್ಟೆ. ಎದೆಯಲ್ಲಿ ಕತ್ತಲೆ.

"ಈ ಪಂಪು ನಿಧಾನಕ್ಕ ಎಳೀಬೇಕ್ರಿ ಸಿಸ್ಟರ್. ಜೋರಾಗಿ ಎಳದ್ರ ಗಂಟಲಿಗೇ ಬಡೀತದ. ಯಾರೋ ಇಡೀ ತಾಲ್ಲೂಕಿಗೆ ತಪ್ಪು ಕಲಿಸ್ಯಾರ. ಹೋಲಿಸಿ ನೋಡಾಕ ನಮ್ಮ ಸಂಶೋಧನೆಗೆ ಮಾತ್ರ ಚಲೋ ಆತು!" ಎಂದು ಡಾಕ್ಟರ್ ನಕ್ಕರು.

ವಿಜಯಶ್ರೀಯ ಕಣ್ಣ ಮುಂದೆ ಬಂದದ್ದು ಅಪ್ಪ ಹುಲಗಪ್ಪ. ಜಿನ್ನಿಂಗ್ ಮಿಲ್ಲಿನ ಹತ್ತಿ ಧೂಳು ಕುಡಿದು ಉಬ್ಬಸ ಹಚ್ಚಿಕೊಂಡು, ಹೋದ ಚಳಿಗಾಲದಲ್ಲಿ ಸತ್ತವನು. "ನೀ ಔಷಧ ತಗೊಳ್ಳಾಂಗಿಲ್ಲ, ತಗೊಂಡೀನಂತ ಸುಳ್ಳು ಹೇಳ್ತಿ" ಎಂದು ಅವನನ್ನು ಓಣಿಯವರ ಎದುರಿಗೇ ಬೈದಿದ್ದಳು. "ತಗೊಳ್ಳಾಕತ್ತೀನವ್ವಾ" ಎಂದರೆ ನಂಬಿರಲಿಲ್ಲ. ಎಂಥ ಕೆಟ್ಟ ಬಾಯಿ ತನ್ನದು!

ಸುಮ್ಮನಿದ್ದರೆ ಆ 'ಯಾರೋ' ಯಾರೆಂದು ಡಾಕ್ಟರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಹೊರಗೆ ಬೆಂಚಿನ ಮೇಲೆ ಮಾನ್ವಿಯ ಹತ್ತು ಜನ ಕೂತಿದ್ದರು, ಸಂಜೆಗೆ ಮತ್ತೆ ಹಾಗೆಯೇ ಎಳೆಯುವವರು. ಅವಳು ಎದ್ದು ಹೊರಬಂದಳು. ಮೊದಲಿಗೆ ಸಿಕ್ಕವಳು ಬಾಗಲವಾಡದ ಬೂದೆಮ್ಮ, ಅಪ್ಪನ ಪಕ್ಕದ ಮನೆಯ ಮುದುಕಿ.

"ಯವ್ವಾ, ನಾ ಕಲಿಸಿದ್ದು ತಪ್ಪು. ಇನ್ನ ಮ್ಯಾಲ ಮೆಲ್ಲಕ ಎಳೀಬೇಕು."

ಬೂದೆಮ್ಮ ನಕ್ಕುಬಿಟ್ಟಳು. "ಏನ್ ಮಾತಾಡ್ತಿಬೇ! ನಿಮ್ಮಪ್ಪ ದಿನಾ ಎರಡ್ಹೊತ್ತು ನಮ್ಮ ಕಟ್ಟಿ ಮ್ಯಾಲ ಕುಂತು ಹಂಗೇ ಎಳೀತಿದ್ದ. ಕಡೀಕಡೀಗೆ ಎಳ್ಯಾಕ ದಮ್ಮೇ ಸಾಲ್ತಿರಲಿಲ್ಲ. ನಾ 'ಮೆಲ್ಲಕ ಎಳಿಯಪ್ಪಾ' ಅಂದ್ರ, 'ನನ್ನ ಮಗಳು ಜೋರಾಗಿ ಎಳಿ ಅಂದಾಳ, ಆಕಿಗಿಂತ ನಿನಗ ಹೆಚ್ಚು ಗೊತ್ತದೇನು' ಅಂತ ನನಗೇ ಜೋರು ಮಾಡ್ತಿದ್ದ."

ಬೂದೆಮ್ಮ ಪಂಪನ್ನು ಬಾಯಿಗಿಟ್ಟು, ಕಲಿಸಿದವಳಿಗೆ ಕಾಣಲೆಂದು, ಬೀಡಿ ದಮ್ಮಿನಂತೆ ಜೋರಾಗಿ ಎಳೆದಳು.